ತೆತ್ತ ಹಣ ಮರಳಿ ಬರುವುದೇ?



ವಸೂಲಿಗಾರರು ಬಾಗಿಲಿಗೆ ಬಂದು ನಿಂತಾಗ, ಬಾಕಿ ಉಂಟೋ ಇಲ್ಲವೋ ನೋಡದೆ, ಮಾನಕ್ಕಂಜಿ ಹಣ ತೆರುವವರು ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಈ ಮಾತು ತಿಳಿದಿರಬೇಕು.

1872ರ ಕರಾರು ಕಾಯಿದೆಯ 72ನೇ ಕಲಮಿನಂತೆ, ತಪ್ಪು ತಿಳುವಳಿಕೆಯಿಂದ ಇಲ್ಲವೆ ಬಲವಂತದಿಂದ ಸಂದ ಹಣವನ್ನು ಪಡೆದವನು ಹಿಂದಿರುಗಿಸಬೇಕು. ಉದಾಹರಣೆಗೆ, ಜಂಟಿ ಸಾಲವನ್ನು ಅಣ್ಣ ತೀರಿಸಿದ್ದನ್ನರಿಯದೆ ತಮ್ಮನೂ ಕಟ್ಟಿದರೆ, ತಮ್ಮನ ಹಣ ವಾಪಸಾಗಬೇಕು. ಆದರೆ ಸಾಲ ನಿಜವಿದ್ದು ಕೇವಲ ವಾಯಿದೆ ಮೀರಿದ್ದರೆ, ಸ್ವಇಚ್ಛೆಯಿಂದ ಕೊಟ್ಟದ್ದು ಮರಳದು.

ಆದ್ದರಿಂದ ಮೊದಲು ಖಾತೆಯ ಲೆಕ್ಕ ಕೇಳಿರಿ, ರಸೀದಿ ಪಡೆಯಿರಿ. ಹಣ ಕೊಟ್ಟಾಗಿದ್ದರೆ ಸಂಸ್ಥೆಗೆ ಲಿಖಿತ ನೋಟೀಸು ಕಳಿಸಿರಿ. ತಪ್ಪು ತಿಳಿದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಕಿರುಸಾಲದವರು ಬೆದರಿಸಿದರೆ, ಬಲವಂತದ ವಸೂಲಿ ತಡೆಯುವ 2025ರ ರಾಜ್ಯ ಕಾನೂನಿನಂತೆ ಠಾಣೆಗೆ ದೂರು ಕೊಡಿರಿ.