ಬೆಲೆಗೆ ಮೊದಲು ವಯಸ್ಸು ಕೇಳು

ಮಗಳೇ, ಇಂಜಿನಿಯರಿಂಗ್ ಸೀಟು ಸಿಕ್ಕಿದ ಮೇಲೆ ಲ್ಯಾಪ್‌ಟಾಪ್ ಬೇಕೇ ಬೇಕು. ಹೊಸದಕ್ಕೆ ಅಪ್ಪ ಸಾಲ ಮಾಡಬೇಕಾಗುತ್ತದೆಂದು ನೀನು ಎಸ್.ಪಿ. ರೋಡಿನ ಅಂಗಡಿಗಳಲ್ಲಿ ರಿಫರ್ಬಿಶ್ಡ್ ವಿಚಾರಿಸುತ್ತಿದ್ದೀಯಂತೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎಷ್ಟೋ ಕಂಪನಿಗಳು ಮೂರ್ನಾಲ್ಕು ವರ್ಷಕ್ಕೊಮ್ಮೆ ಸಿಬ್ಬಂದಿಯ ಲ್ಯಾಪ್‌ಟಾಪ್ ಬದಲಿಸಿ, ಹಳೆಯವನ್ನು ಒಟ್ಟಿಗೇ ಮಾರಿಬಿಡುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಗಟ್ಟಿ ಮಾಲು. ಅದೇ ದುಡ್ಡಿಗೆ ಬರುವ ಅಗ್ಗದ ಹೊಸದಕ್ಕಿಂತ ನಾನಾದರೆ ಇವನ್ನೇ ಆರಿಸುತ್ತೇನೆ.

ಆದರೆ ಬೆಲೆಗೆ ಮೊದಲು ವಯಸ್ಸು ಕೇಳು. ಎತ್ತು ಕೊಳ್ಳುವವರು ಹಲ್ಲು ನೋಡುವುದು ಇದಕ್ಕೇ. 'ಐ7 ಇದೆ ಮೇಡಂ' ಅಂದರೆ ಮರುಳಾಗಬೇಡ, ಎಷ್ಟನೇ ಜನರೇಶನ್ ಅಂತ ಕೇಳು. ಇಂಟೆಲ್‌ನಲ್ಲಿ ಎಂಟನೇ ಜನರೇಶನ್‌ಗಿಂತ ಹಳೆಯ ಚಿಪ್ಪುಗಳು, ಒಂದೆರಡು ಬಿಟ್ಟರೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೇ ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ನಿನಗೆ ನಾಲ್ಕು ವರ್ಷದ ಓದಿದೆ, ನೆನಪಿರಲಿ.

ಆಮೇಲೆ ಬ್ಯಾಟರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸು. ಡಿಸೈನ್ ಕೆಪಾಸಿಟಿ 50,000 ಇದ್ದು, ಫುಲ್ ಚಾರ್ಜ್ ಕೆಪಾಸಿಟಿ 22,000 ತೋರಿಸಿದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಇಳಿದುಹೋಗಿದೆ ಎಂದರ್ಥ. ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಮುರಿಸಿಕೋ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು, ಅಂಥದ್ದು ಬೇಡವೇ ಬೇಡ. ನಿನ್ನೆದುರೇ ರೀಸ್ಟಾರ್ಟ್ ಮಾಡಿಸಿ ಬಯಾಸ್ ತೆರೆಸು. ಪಾಸ್‌ವರ್ಡ್ ಕೇಳಿ, ಅಂಗಡಿಯವರಿಗೂ ಅದು ಗೊತ್ತಿಲ್ಲದಿದ್ದರೆ, ಹಳೇ ಕಂಪನಿ ಹಾಕಿದ ಬೀಗ ಇನ್ನೂ ತೆಗೆದಿಲ್ಲ ಅಂತ ತಿಳಿ.

ಬಳಸಿದ ಫೋನಿನ ವಿಷಯದಲ್ಲಿ ನನಗೆ ಇಷ್ಟು ಧೈರ್ಯವಿಲ್ಲ. ಕದ್ದ ಮಾಲೂ ಅದರಲ್ಲಿ ಸೇರಿರುತ್ತದೆ. ಕೊಳ್ಳಲೇಬೇಕಾದರೆ *#06# ಒತ್ತಿ 15 ಅಂಕಿಯ ಐಎಂಇಐ ನೋಡಿ, ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಪರೀಕ್ಷಿಸು. ಬ್ಲಾಕ್ ಆಗಿದೆ ಅಂತ ಬಂದರೆ ಫೋನು ವಾಪಸ್ ಕೊಟ್ಟುಬಿಡು.

ಲ್ಯಾಪ್‌ಟಾಪ್ ಒಪ್ಪಿಗೆಯಾದರೆ ಸೀರಿಯಲ್ ನಂಬರ್ ನಮೂದಿಸಿದ ಜಿಎಸ್‌ಟಿ ಬಿಲ್ ಕೇಳು. ವಾರಂಟಿ ಎಷ್ಟು ತಿಂಗಳು, ಬ್ಯಾಟರಿಗೂ ಚಾರ್ಜರಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಅದರ ಮೇಲೇ ಬರೆಸಿಕೋ. 'ಏನಾದ್ರೂ ಆದ್ರೆ ತಗೊಂಡ್ಬನ್ನಿ, ನೋಡೋಣ' ಎಂಬ ಬಾಯಿಮಾತನ್ನು ನೆಚ್ಚಬೇಡ. ಕಾಲೇಜು ಶುರುವಾಗಲು ಇನ್ನೂ ಸಮಯವಿದೆ, ನಾಲ್ಕು ಅಂಗಡಿ ಸುತ್ತು. ಮನಸ್ಸಿಗೆ ಒಪ್ಪದಿದ್ದರೆ ಎದ್ದು ಬಾ. ಟೀ ತರಿಸಿಕೊಟ್ಟರು, ಅರ್ಧ ಗಂಟೆ ತೋರಿಸಿದರು ಅಂತ ದಾಕ್ಷಿಣ್ಯಕ್ಕೆ ಬಿದ್ದು ಅಪ್ಪನ ದುಡ್ಡು ಕೊಡಬೇಡ ಕಂದಾ.