ಮೊದಲ ಮಳೆಯ ಹಸಿರಿಗೆ ದನ ಬಿಡಬೇಡಿ

ಮಂಜೇಶ್ವರದಿಂದ ಬದಿಯಡ್ಕದವರೆಗೆ ಎಲ್ಲಿ ಹೋದರೂ ಕೇಳಿಬರುವ ದೂರು ಒಂದೇ: ಗುಡ್ಡೆಯಲ್ಲಿ ಹುಲ್ಲಿಲ್ಲ. ಹಳಬರು ಇಂದಿಗೂ ಕುಮ್ಕಿ ಎನ್ನುವ ಜಾಗದ ತುಂಬ ತಜಂಕು, ನಾಚಿಕೆಮುಳ್ಳು. ಅಂಚಿನಲ್ಲಿ ಆಳೆತ್ತರದ ಕಮ್ಯೂನಿಸ್ಟ್ ಗಿಡ. ಬೆಳಗ್ಗೆ ಹೋದ ದನ ಸಂಜೆ ಹೊಟ್ಟೆ ತುಂಬದೆ ಹಟ್ಟಿಗೆ ಬರುತ್ತದೆ. ಮಳೆ ಸರಿಯಿಲ್ಲ, ಮಣ್ಣು ಸತ್ತಿದೆ ಎನ್ನುವವರಿದ್ದಾರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಹುಲ್ಲು ಹಾಳಾದದ್ದು ನಾವು ಮೇಯಿಸುವ ಕ್ರಮದಿಂದ.

ತಪ್ಪು ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ಪತ್ತನಾಜೆ ಕಳೆದು ನಾಲ್ಕು ಮಳೆ ಬಿದ್ದು ನೆಲ ಹಸಿರಾಯಿತೋ ಇಲ್ಲವೋ, ನೀವು ಹಗ್ಗ ಬಿಚ್ಚುತ್ತೀರಿ. ಬೈಹುಲ್ಲು ಮುಗಿದಿರುತ್ತದೆ, ಹಿಂಡಿ ದುಬಾರಿ, ಎಲ್ಲ ಗೊತ್ತು. ಆದರೆ ಆ ಎಳೆ ಹುಲ್ಲಿನಲ್ಲಿ ನೀರಲ್ಲದೆ ಬೇರೇನಿದೆ? ದನಕ್ಕೆ ಭೇದಿ ಹತ್ತುತ್ತದೆ, ಹಾಲು ಏರುವುದಿಲ್ಲ. ಹುಲ್ಲಿಗಾಗುವ ನಷ್ಟ ಇನ್ನೂ ದೊಡ್ಡದು. ಹಳೆಯ ಬುಡ ಬೇರಿನಲ್ಲಿ ಉಳಿದ ಶಕ್ತಿಯನ್ನೆಲ್ಲ ಸುರಿದು ಮೊದಲ ಎಲೆ ತೆಗೆದಿರುತ್ತದೆ. ಅದನ್ನು ಕಚ್ಚಿ, ಮತ್ತೆ ಬಂದದ್ದನ್ನೂ ಕಚ್ಚಿದರೆ ಬುಡ ಸಾಯುತ್ತದೆ. ಬೀಜದಿಂದ ಮೊಳೆತದ್ದು ಬೇರು ಸಮೇತ ಕಿತ್ತುಬರುತ್ತದೆ. ಪಕ್ಕದ ತಜಂಕನ್ನು ದನ ಮೂಸಿ ಬಿಡುತ್ತದೆ. ಹುಲ್ಲು ಸೋತ ಜಾಗವನ್ನೆಲ್ಲ ಅದು ಹಿಡಿದು, ಕೋಡು ಕಟ್ಟಿ ಬೀಜ ಉದುರಿಸುತ್ತದೆ. ಪ್ರತಿ ಜೂನ್‌ನಲ್ಲೂ ಇದನ್ನೇ ಹೇಳುತ್ತೇವೆ, ಪ್ರತಿ ಜೂನ್‌ನಲ್ಲೂ ಹಗ್ಗ ಬಿಚ್ಚುತ್ತೀರಿ.

ನಂಬಿಕೆ ಬಾರದಿದ್ದರೆ ಆಟಿ ತಿಂಗಳಲ್ಲಿ ಎರಡು ಬುಡ ಕಿತ್ತು ನೋಡಿ. ಒಂದು ದನ ದಿನವೂ ಮೇದದ್ದು, ಇನ್ನೊಂದು ಅದೇ ಜಾತಿಯ ಹುಲ್ಲು, ಬೇಲಿಯೊಳಗೆ ದನದ ಬಾಯಿಗೆ ಸಿಗದದ್ದು. ಬೇಲಿಯೊಳಗಿನ ಬುಡ ಕೀಳಲು ಕತ್ತಿಯೇ ಬೇಕು. ಬೇರಿನ ಜತೆ ಮಣ್ಣಿನ ಹೆಂಟೆಯೂ ಬರುತ್ತದೆ. ಮೇದ ಬುಡ ಎರಡೇ ಬೆರಳಿಗೆ ಕಿತ್ತು ಬರುತ್ತದೆ, ಬೇರು ಗಿಡ್ಡ, ಮಣ್ಣು ಅಂಟಿರುವುದಿಲ್ಲ.

ಹಾಗೆಂದು ದನವನ್ನೇ ಬಿಡದೆ ಬೇಲಿ ಹಾಕಿ ಕೂರುವುದೂ ಸರಿಯಲ್ಲ. ಮೇಯದೆ, ಕೊಯ್ಯದೆ ಬಿಟ್ಟ ಗುಡ್ಡೆಯಲ್ಲಿ ಮುಳಿಹುಲ್ಲು ದಟ್ಟವಾಗಿ ಎದ್ದು ನೆಲಕ್ಕೆ ಬೆಳಕು ಬೀಳದಂತೆ ಮಾಡುತ್ತದೆ. ನೆಲದಲ್ಲೇ ಹರಡುವ ಮೂರೆಲೆಯ ದ್ವಿದಳ ಬಳ್ಳಿಗಳು, ಸೋಣದಲ್ಲಿ ಪಾರೆಯ ಮೇಲೆ ಅರಳುವ ಪುಟ್ಟ ನೀಲಿಯ ಕಾಕ್ಕಪ್ಪೂವಿನಂಥವು ಅದರ ನೆರಳಿನಲ್ಲಿ ಸೋಲುತ್ತವೆ. ನಾಲ್ಕಾರು ವರ್ಷದಲ್ಲಿ ಅಂಚಿನ ಕಮ್ಯೂನಿಸ್ಟ್ ಗಿಡ ಒಳಗೆ ನುಗ್ಗುತ್ತದೆ. ಮುಳಿಯನ್ನು ತಗ್ಗಿಸಿ ಚಿಕ್ಕ ಗಿಡಗಳಿಗೆ ಬೆಳಕು ಬಿಡುವುದು ದನದ ಬಾಯಿಯೇ. ಗುಡ್ಡೆಗೆ ದನ ಬೇಕು, ಅಳತೆಯಲ್ಲಿ ಬೇಕು.

ಅಳತೆ ಹೀಗೆ. ಹುಲ್ಲು ಗೇಣುದ್ದ, ಎಂದರೆ 20 ಸೆಂ.ಮೀ. ಆಗುವವರೆಗೆ ದನ ಹಟ್ಟಿಯಲ್ಲೇ ಇರಲಿ; ನಮ್ಮಲ್ಲಿ ಇದಕ್ಕೆ ಮಳೆ ಹಿಡಿದ ಮೇಲೆ ನಾಲ್ಕೈದು ವಾರ ಬೇಕು. ನಾಲ್ಕು ಬೆರಳು (7-8 ಸೆಂ.ಮೀ.) ಉಳಿದಾಗ ಅಲ್ಲಿಂದ ಎಬ್ಬಿಸಿ. ಅದಕ್ಕಿಂತ ಕೆಳಗೆ ಮೇಯಿಸಿದರೆ ಜಂತುಹುಳದ ಮರಿಗಳೂ ಹೊಟ್ಟೆಗೆ ಹೋಗುತ್ತವೆ. ಅವು ಹೆಚ್ಚಾಗಿರುವುದು ಬುಡದ ಹತ್ತಿರ. ಗುಡ್ಡೆಯನ್ನು ಐದು ಭಾಗ ಮಾಡಿ, ಒಂದೊಂದರಲ್ಲಿ 6 ದಿನ ಮೇಯಿಸಿ. ಪ್ರತಿ ಭಾಗಕ್ಕೂ 24 ದಿನ ಬಿಡುವು ಸಿಗುತ್ತದೆ. ಸೆಪ್ಟೆಂಬರ್‌ನಿಂದ ದೀಪಾವಳಿವರೆಗೆ ಒಂದು ಭಾಗಕ್ಕೆ ದನ ಕಾಲಿಡಬಾರದು, ಅಲ್ಲಿ ಹುಲ್ಲು ಬೀಜ ಉದುರಿಸಲಿ. ಮರುವರ್ಷ ಬೇರೆ ಭಾಗ.

ಎಷ್ಟು ದನ? ಒಂದು ಚದರ ಮೀಟರ್ ಜಾಗದ ಹುಲ್ಲನ್ನು ನಾಲ್ಕು ಬೆರಳು ಬಿಟ್ಟು ಕೊಯ್ದು ತೂಗಿ. ನಾಲ್ಕೈದು ಕಡೆ ಹೀಗೆ ಮಾಡಿ ಸರಾಸರಿ ತೆಗೆಯಿರಿ. 400 ಗ್ರಾಂ ಬಂತೆನ್ನಿ, ಎಕರೆಗೆ ಸುಮಾರು 1,600 ಕಿಲೋ. ಅರ್ಧ ಬಿಟ್ಟುಬಿಡಿ, ಉಳಿದದ್ದು 800. ಒಂದೂವರೆ ಕ್ವಿಂಟಲ್ ತೂಗುವ ಕಾಸರಗೋಡು ಗಿಡ್ಡ ದಿನಕ್ಕೆ 20 ಕಿಲೋ ಹಸಿ ಹುಲ್ಲು ತಿನ್ನುತ್ತದೆ. ಅರ್ಧ ಎಕರೆಯ ಒಂದು ಭಾಗದಲ್ಲಿ 6 ದಿನಕ್ಕೆ ಮೂರು ಗಿಡ್ಡ ದನ ಸಾಕು. ನಾಲ್ಕು ಕ್ವಿಂಟಲಿನ ಜರ್ಸಿ ಮಿಶ್ರತಳಿಯಾದರೆ ಒಂದೇ. ಮೂರು ಗಿಡ್ಡ ದನದ ಜಾಗಕ್ಕೆ ಮೂರು ಜರ್ಸಿ ಬಿಟ್ಟು ಹುಲ್ಲಿಲ್ಲ ಎಂದು ಗೋಳಾಡಬೇಡಿ.

ಹೀಗೆ ಭಾಗ ಮಾಡಿ ಮೇಯಿಸುವುದು ಹೊಸ ವಿದ್ಯೆಯೇನೂ ಅಲ್ಲ. ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳನ್ನು ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು ಎಂದು ವಿಂಗಡಿಸಿ, ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ಅಟ್ಟುತ್ತಿದ್ದರು. ನಿಮ್ಮ ಎರಡೂವರೆ ಎಕರೆಯಲ್ಲೂ ಅದೇ ಕ್ರಮ ನಡೆಯುತ್ತದೆ.

ಗುಡ್ಡೆಗೆ ಯೂರಿಯಾ ಎರಚಬೇಡಿ. ಇಂಗ್ಲೆಂಡಿನ ರೊಥಮ್‌ಸ್ಟೆಡ್‌ನಲ್ಲಿ 1856ರಿಂದ ನಡೆದಿರುವ ಹುಲ್ಲುಗಾವಲಿನ ಪ್ರಯೋಗದಲ್ಲಿ ಸಾರಜನಕ ಹೆಚ್ಚು ಉಂಡ ತಾಕುಗಳಲ್ಲಿ ನಾಲ್ಕಾರು ಎತ್ತರದ ಹುಲ್ಲುಗಳೇ ಮೆರೆದು, ಗಿಡಗಳ ಜಾತಿಗಳು ಕಡಿಮೆಯಾದವು. ಪೂರ್ತಿ ಬೋಳಾದ ಕಡೆ ಮಾತ್ರ ಸ್ಟೈಲೋ ಎಂಬ ದ್ವಿದಳ ಮೇವಿನ ಬೀಜ ಚೆಲ್ಲಿ, ಎಕರೆಗೆ 4 ಕಿಲೋ. 80 ಡಿಗ್ರಿ ಬಿಸಿನೀರಿನಲ್ಲಿ 4 ನಿಮಿಷ ಇಟ್ಟು, ರಾತ್ರಿ ತಣ್ಣೀರಿನಲ್ಲಿ ನೆನೆಸಿದ ಬೀಜವಾಗಿರಲಿ. ಹಾಗೆಯೇ ಚೆಲ್ಲಿದರೆ ಗಟ್ಟಿ ಸಿಪ್ಪೆಯಿಂದಾಗಿ ಬಹುಪಾಲು ಮೊಳೆಯದು. ಮಣ್ಣು ಮುಚ್ಚಬೇಡಿ. ಕಾಕ್ಕಪ್ಪೂ ಅರಳುವ ಪಾರೆಗೆ ಸ್ಟೈಲೋ ಒಯ್ಯಲೇಬೇಡಿ.

ಹುಳದ ಮದ್ದನ್ನು ಗುಡ್ಡೆಗೆ ಬಿಡುವ ಮುನ್ನವೇ ಕೊಡಿ. ಫೆನ್‌ಬೆಂಡಜೋಲ್ ಕಿಲೋ ತೂಕಕ್ಕೆ 5 ಮಿಲಿಗ್ರಾಂ, ಒಂದೂವರೆ ಕ್ವಿಂಟಲಿಗೆ 750 ಮಿಲಿಗ್ರಾಂ, ನಾಲ್ಕು ಕ್ವಿಂಟಲಿಗೆ 2 ಗ್ರಾಂ. ಒಂದು ದನದ ಮಾತ್ರೆಯನ್ನು ಎರಡಕ್ಕೆ ಹಂಚುವುದು ಹುಳಕ್ಕೆ ಮದ್ದು ಅಭ್ಯಾಸ ಮಾಡಿಸಿದಂತೆ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಬೇಡ. ಹಾಲನ್ನು ಎಷ್ಟು ದಿನ ಬಳಸಬಾರದೆಂದು ವೈದ್ಯರಲ್ಲಿ ಕೇಳಿಕೊಳ್ಳಿ.

 

ಕಮ್ಯೂನಿಸ್ಟ್ ಗಿಡವನ್ನು ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಬೆಂಕಿ ಕೊಟ್ಟರೂ ಚಿಗುರುತ್ತದೆ. ನೆಲ ಹಸಿಯಿರುವ ಜುಲೈ-ಆಗಸ್ಟ್‌ನಲ್ಲಿ ಬೇರು ಸಮೇತ ಕೀಳಿ. ಉಳಿದದ್ದನ್ನು ನವೆಂಬರ್‌ನಲ್ಲಿ ಮೊಗ್ಗು ಕಾಣುವ ಮೊದಲು ಮುಗಿಸಿ. ಹೂ ಒಣಗಿದರೆ ಬೀಜ ಗಾಳಿಗೆ ಹಾರಿ ನೆರೆಯವರ ಗುಡ್ಡೆಗೂ ಹೋಗುತ್ತದೆ. ಕಿತ್ತ ಗಿಡವನ್ನು ಹಟ್ಟಿಗೆ ಮೇವಾಗಿ ತರಬೇಡಿ, ತೆಂಗಿನ ಬುಡಕ್ಕೆ ಹಾಕಿ.