ಹಳ್ಳ ಇಳಿಯುವ ತನಕ

ಸಾಗರ, ಹೊಸನಗರ, ತೀರ್ಥಹಳ್ಳಿಯ ನಮಗೆ ಮಳೆಯ ಹೆದರಿಕೆ ಕಡಿಮೆ. ಆಗುಂಬೆ, ಹುಲಿಕಲ್ಲಿನ ಮಳೆಯ ಲೆಕ್ಕ ಕೇಳುತ್ತಲೇ ಬೆಳೆದವರು ನಾವು. ಇಷ್ಟು ಮಳೆಗಾಲಗಳು ಕಲಿಸಿದ್ದನ್ನೆಲ್ಲ ಕೂಡಿಸಿ ನೋಡಿದರೆ, ಈ ಧೈರ್ಯವೇ ನಮಗೆ ಮುಳುವಾಗುತ್ತಿದೆ ಎನ್ನಿಸುತ್ತದೆ. ಪುನರ್ವಸು, ಪುಷ್ಯದ ಮಳೆಗೆ ತುಂಗೆ ಏರುವುದು ಎಲ್ಲರ ಕಣ್ಣೆದುರಿಗೆ. ರಾಮಮಂಟಪ ಎಷ್ಟು ಮುಳುಗಿತೆಂದು ನೋಡಿಯೇ ತೀರ್ಥಹಳ್ಳಿ ಎಚ್ಚರಗೊಳ್ಳುತ್ತದೆ. ಲಿಂಗನಮಕ್ಕಿಯ ಗೇಟು ತೆರೆಯುವ ಮೊದಲು ಕೆಳದಂಡೆಯವರಿಗೆ ಸೂಚನೆ ಹೋಗುತ್ತದೆ. ತೋಟದಂಚಿನ ಹಳ್ಳಕ್ಕೆ ಮಂಟಪವೂ ಇಲ್ಲ, ಸೂಚನೆಯೂ ಇಲ್ಲ. ಮೇ ತಿಂಗಳ ಅಡ್ಡಮಳೆಯೋ ಅಕ್ಟೋಬರಿನ ಚಿತ್ತೆ ಮಳೆಯೋ ಗುಡುಗಿಕೊಂಡು ಬಂದು ಒಂದೇ ಗುಡ್ಡದ ಮೇಲೆ ತಾಸು ಹೊತ್ತು ಸುರಿದರೆ ಸಾಕು, ಕಡಿದಾದ ಇಳಿಜಾರಿನಲ್ಲಿ ನೀರಿಗೆ ಇಂಗಲು ಪುರುಸೊತ್ತಿರುವುದಿಲ್ಲ. ಕೆಳಗೆ ಒಂದು ಹನಿ ಬೀಳದಿದ್ದರೂ ಹಳ್ಳ ಕೆಂಪಾಗಿ, ತರಗೆಲೆ, ಕಡ್ಡಿಗಳನ್ನು ಹೊತ್ತು ಬರುತ್ತದೆ. ಬಣ್ಣ ತಿರುಗಿದ್ದು ಕಂಡಕೂಡಲೇ ದಂಡೆ ಏರಬೇಕು; ಕಲ್ಲಿನ ಮೇಲಿಟ್ಟ ಬಟ್ಟೆ ಎತ್ತಿಕೊಳ್ಳುವುದಕ್ಕೂ ನಿಲ್ಲಬಾರದು.

ನಮ್ಮ ಹಳ್ಳದ ಆಳ ನಮಗೆ ಗೊತ್ತಿಲ್ಲವೇ ಎನ್ನುವವರಿದ್ದಾರೆ. ಗೊತ್ತಿರುವುದು ಆಳ, ಕಾಲು ಕೀಳುವುದು ಸೆಳವು. ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ರಭಸವಾಗಿ ಹರಿಯುವ 15 ಸೆಂಟಿಮೀಟರ್ ನೀರು ಗಟ್ಟಿಮುಟ್ಟಾದ ಆಳನ್ನೇ ಕೆಡವಬಲ್ಲದು. 60 ಸೆಂಟಿಮೀಟರಿಗೆ ಹೆಚ್ಚಿನ ಕಾರುಗಳು ತೇಲಿಹೋಗುತ್ತವೆ. ಮೋರಿಯ ಮೇಲೆ ಕೆನ್ನೀರು ಹರಿಯುವಾಗ ಅಡಿಯಲ್ಲಿ ರಸ್ತೆ ಉಳಿದಿದೆಯೋ ಇಲ್ಲವೋ ಎಂಬುದು ದಿನವೂ ಅದೇ ದಾರಿಯಲ್ಲಿ ಬೈಕು ಓಡಿಸುವವನಿಗೂ ಕಾಣುವುದಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಡೇರಿಗೆ ಹಾಲು ಮುಟ್ಟಬೇಕು, ಮಕ್ಕಳು ಮನೆ ಸೇರಬೇಕು, ಕಾಯುತ್ತ ಕೂರಲಾದೀತೇ? ಸಣ್ಣ ಹಳ್ಳ ಏರಿದಂತೆಯೇ ಬೇಗ ಇಳಿಯುತ್ತದೆ. ಮಳೆ ನಿಂತ ಮೇಲೆ ಹಲವು ಸಲ ಕೆಲವು ತಾಸು ಸಾಕು. ಹಾಲು ಕೆಟ್ಟರೆ ಒಂದು ಹೊತ್ತಿನ ನಷ್ಟ. ಮಕ್ಕಳ ಮಾತು ಮಾತ್ರ ಬೇರೆ. 2022ರ ಆಗಸ್ಟಿನಲ್ಲಿ ಘಟ್ಟದ ಕೆಳಗೆ, ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ, ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಬಿದ್ದು ಕೊಚ್ಚಿಹೋದಳು. ಆ ವಯಸ್ಸಿನ ಮಗುವಿಗೆ ಎಚ್ಚರ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಸಂಜೆ ಗುಡುಗಿದ ದಿನ ಹಳ್ಳದಾಚೆಯ ಮಕ್ಕಳು ಈಚೆಯ ಯಾರ ಮನೆಯಲ್ಲಿ ಉಳಿಯಬೇಕೆಂಬುದನ್ನು ಶಾಲೆ ಶುರುವಾಗುವ ಮೊದಲೇ ಊರವರು ಗೊತ್ತುಮಾಡಿ ಮೇಷ್ಟ್ರಿಗೆ ತಿಳಿಸಿಡಬೇಕು. ಅಡಿಕೆ ದಬ್ಬೆಯ ಸಂಕಗಳು ಎಲ್ಲೆಲ್ಲಿ ಉಳಿದಿವೆಯೆಂದು ಗ್ರಾಮಸಭೆಯಲ್ಲಿ ಬರೆಸಿ, ಕೈಪಿಡಿ ಇರುವ ಗಟ್ಟಿ ಸೇತುವೆ ಆಗುವ ತನಕ ಕೇಳುತ್ತಲೇ ಇರಬೇಕು.